ಹೋರಿಯ ದೋಷ ಬಲ್ಲವನು

ಯಲಬುರ್ಗಾ ಕಡೆಯ ಪಶು ಆಸ್ಪತ್ರೆಯೊಂದರಲ್ಲಿ ನನಗೆ ಕೆಲಸ. ಬೆದೆಗೆ ಬಂದ ಆಕಳು, ಎಮ್ಮೆಗಳಿಗೆ ಹೋರಿ, ಕೋಣದ ವೀರ್ಯವನ್ನು ನಳಿಕೆಯಲ್ಲಿ ಬಿಡುವವನು. ಗಬ್ಬ ನಿಲ್ಲದಿದ್ದರೆ ರೈತರು ದನವನ್ನೇ ಬೈಯುತ್ತ ಸಂತೆಗೆ ಹೊಡೆದುಕೊಂಡು ಹೊರಡುತ್ತಿದ್ದರು. ‘ಬರೇ ಆಕಳಾ ಬೈದ್ರ ಏನ್ ಬಂತ್ರಿ? ಹೋರಿದೂ ನೋಡ್ಬೇಕು’ ಎಂದು ಊರೂರು ತಿರುಗಿ ಬುದ್ಧಿ ಹೇಳಿದವನು ನಾನೇ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಮದುವೆಯಾಗಿ ಮೂರು ವರ್ಷವಾದರೂ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರು ಕುಷ್ಟಗಿಗೆ ಮೀಟಿಂಗಿಗೆ ಹೋಗಿದ್ದರು. ಬಾಗಿಲು ಹಾಕಿಕೊಂಡು, ದನದ ಸಗಣಿ, ರಕ್ತ ನೋಡುವ ಹಳೆಯ ಮೈಕ್ರೋಸ್ಕೋಪಿನ ಕೆಳಗೆ ನನ್ನದೇ ವೀರ್ಯದ ಒಂದು ಹನಿ ಇಟ್ಟು ನೋಡಿದೆ. ಹೆಚ್ಚಿನವು ಸುಮ್ಮನೆ ಬಿದ್ದಿದ್ದವು. ಒಂದೆರಡು ಬಾಲ ಅಲ್ಲಾಡಿಸಿದವು. ಒಂದು ಗಾಣದೆತ್ತಿನಂತೆ ಇದ್ದಲ್ಲೇ ಸುತ್ತುತ್ತಿತ್ತು. ಹೋರಿಯದಾಗಿದ್ದರೆ ಚೆಲ್ಲಿಬಿಡುತ್ತಿದ್ದೆ. ಗಾಜನ್ನು ಸ್ಪಿರಿಟ್ಟಿನಿಂದ ಒರೆಸಿಟ್ಟು, ಮನೆಗೆ ಹೋಗಿ ಊಟ ಮಾಡಿದೆ. ಯಾರಿಗೂ ಹೇಳಲಿಲ್ಲ. ನಾಚಿಕೆ, ಮತ್ತೇನಿಲ್ಲ.

ಮುಂದಿನ ತಿಂಗಳು ನನ್ನ ತಂಗಿಯ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವಾಗ ನನ್ನ ಹೆಂಡತಿಯೂ ಅಕ್ಕಿಯ ತಟ್ಟೆ ಹಿಡಿದು ಮುಂದೆ ಬಂದಳು. ಅವ್ವ ತಟ್ಟೆಯನ್ನು ತಾನೇ ತೆಗೆದುಕೊಂಡು, ಒಳಗೆ ರೊಟ್ಟಿ ನೋಡು ಹೋಗು ಎಂದು ಎಲ್ಲರ ಎದುರು ಕಳಿಸಿದಳು. ನಾನು ಅಲ್ಲೇ ಕಂಬಕ್ಕೆ ಒರಗಿ ಎಲೆಯಡಿಕೆ ಜಗಿಯುತ್ತ ನಿಂತಿದ್ದೆ. ಅಲ್ಲಿಂದ ಮುಂದೆ ಅವಳು ಯಾರ ಮನೆಯ ಕುಬಸಕ್ಕೂ ಹೋಗಲಿಲ್ಲ.

ಮತ್ತೆ ಐದು ವರ್ಷ ಕಳೆದ ಮೇಲೆ ಅವಳೇ ಹಟ ಹಿಡಿದು ನನ್ನನ್ನು ಗಂಗಾವತಿಯ ಒಂದು ಆಸ್ಪತ್ರೆಗೆ ಕರೆದೊಯ್ದಳು. ಲ್ಯಾಬಿನ ಡಾಕ್ಟರಮ್ಮ ನನ್ನ ವೀರ್ಯವನ್ನು ಪರದೆಯ ಮೇಲೆ ತೋರಿಸಿ, ಒಳ್ಳೆಯದನ್ನು ಹೇಗೆ ಆರಿಸುತ್ತಾರೆಂದು ಬಿಡಿಸಿ ಹೇಳಿದರು. ಬಾಲ ನೆಟ್ಟಗಿರಬೇಕು, ತಲೆ ಮೊಟ್ಟೆಯಾಕಾರದಲ್ಲಿರಬೇಕು, ಇನ್ನೂ ಹಿಗ್ಗಿಸಿ ನೋಡಿದಾಗ ತಲೆಯೊಳಗೆ ಟೊಳ್ಳು ಕಾಣಬಾರದು. ಅಂಥದೊಂದನ್ನು ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಲ್ಲಿ ಎತ್ತಿ ಹೆಂಡತಿಯ ಅಂಡದೊಳಗೆ ಬಿಡುತ್ತಾರೆ. ಒಂದೇ ಸಾಕಂತೆ. ನನಗೋ ದಿನವೂ ಇದನ್ನೇ ಮಾತಾಡಿದ ರೂಢಿ. ಪರದೆ ನೋಡುತ್ತಿದ್ದಂತೆ ಬಾಯಿಂದ ಬಂದುಬಿಟ್ಟಿತು: ‘ಆವಾಗಿನಕಿಂತ ಒಂದೀಟು ಛಲೋನ ಅದಾವ್ರಿ.’

ಬಸ್ ಸ್ಟ್ಯಾಂಡಿನಲ್ಲಿ ಕೂತ ಮೇಲೆ ಹೆಂಡತಿ, ಆವಾಗ ಅಂದರೆ ಯಾವಾಗ ಎಂದಳು. ಎಲ್ಲ ಹೇಳಿದೆ.

‘ಕುಬಸದ ದಿನ ನಿಮಗ ಗೊತ್ತಿತ್ತೇನ್ರಿ?’

‘ಗೊತ್ತಿತ್ತು.’

ಯಲಬುರ್ಗಾ ಬಸ್ಸು ಬಂದು ಹೋಯಿತು. ಅವಳು ಏಳಲಿಲ್ಲ. ಚಿಕಿತ್ಸೆಗೆಂದು ಅವಳು ದಿನವೂ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಿತ್ತು. ‘ಮೊದಲ ನಿಮ್ಮವ್ವಗ ಹೇಳ್ರಿ,’ ಎಂದಳು. ‘ಆಮ್ಯಾಲ ಚುಚ್ಚಿಸ್ಕೋತೀನಿ.’

ನಾವು ಮನೆ ಮುಟ್ಟಿದಾಗ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೆಂಡತಿ ನೆಟ್ಟಗೆ ಅಡುಗೆಮನೆಗೆ ಹೋದಳು. ನಾನು ತಡವರಿಸುತ್ತ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು. ಅವ್ವ ಮೊರ ಕೆಳಗಿಟ್ಟು ತನ್ನ ಎರಡೂ ಕೈ ನೋಡಿಕೊಂಡಳು.

‘ಆಕೀ ಕೈಯಾಗಿನ ತಟ್ಟಿ ನಾ ಕಸಗೊಂಡೆ. ನೀ ನೋಡ್ಕೋತ ನಿಂತಿದ್ದಿ. ನನ್ನ ಕೈಲೆ ಮಾಡಿಸಿದೆಲ್ಲೋ ಈ ಪಾಪ.’

ಎದ್ದು ಸೊಸೆಯ ಹತ್ತಿರ ಒಳಗೆ ಹೋದಳು. ನನ್ನನ್ನು ಇಬ್ಬರೂ ಕರೆಯಲಿಲ್ಲ.