ಚಿಟಿಕೆ ಕಾಯುವ ಅಕ್ಕ

ಚಳಿ ಇನ್ನೂ ಬಿಟ್ಟಿಲ್ಲ. ಪಶು ಆಹಾರದ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಬೆಳಕು ಹರಿಯುವ ಮೊದಲೇ ಅಕ್ಕನ ಗೊಣಗಾಟ ಶುರುವಾಗಿದೆ. ತಕ್ಕಡಿಯ ಪಕ್ಕ ಯಾರೋ ಚಹಾದ ಲೋಟ ಬಿಟ್ಟು ಹೋಗಿದ್ದಾರೆ. ಸತ್ತ ಇಲಿಯನ್ನು ಎತ್ತುವಂತೆ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹೊರಗಿಡುತ್ತಾಳೆ. "ಬಾಗಿಲಿಗೆ ತಲೆಬುರುಡೆ ಚಿತ್ರ ಅಂಟಿಸಿದ್ರೂ ಒಳಗೇ ಬಂದು ಕುಡೀತಾರಲ್ಲ, ಇವರಿಗೆ ಏನು ಹೇಳೋದು?"

ಮೂಗಿಗೆ ಮಾಸ್ಕು, ಮೊಣಕೈವರೆಗೆ ಕೈಗವಸು. ಡಬ್ಬಿಯಲ್ಲಿರುವುದು ಸೋಡಿಯಂ ಸೆಲೆನೈಟ್, ಸೆಲೆನಿಯಂ ಎಂಬ ಖನಿಜದ ಲವಣ. ನೋಡಿದರೆ ಅಡುಗೆ ಉಪ್ಪೇ. ನೀರಿಗೆ ಬಿದ್ದರೆ ಹಾಗೆಯೇ ಕರಗುತ್ತದೆ. ಮೇವಿನಲ್ಲಿ ಸೆಲೆನಿಯಂ ಚೂರೂ ಇಲ್ಲದಿದ್ದರೆ ಕುರಿಮರಿಗಳು ಕಾಲು ಸೆಟೆದು ಬೀಳುತ್ತವೆ. ಕೊಂಚ ಹೆಚ್ಚಾದರೆ ಉಸಿರು ಕಟ್ಟಿ ಸಾಯುತ್ತವೆ. ಅದಕ್ಕೇ ಅಕ್ಕ ತೂಗಿದ ಚಿಟಿಕೆಯನ್ನು ಒಂದು ಬೋಗುಣಿ ಸುಣ್ಣಕಲ್ಲಿನ ಪುಡಿಗೆ, ಬೋಗುಣಿಯದನ್ನು ಬುಟ್ಟಿಗೆ, ಬುಟ್ಟಿಯದನ್ನು ಪೀಪಾಯಿಗೆ ಬೆರೆಸುತ್ತಾ ಹೋಗುತ್ತಾಳೆ. ಒಂದು ಕಡೆ ಗಂಟು ನಿಂತರೂ ಯಾರದೋ ಕೊಟ್ಟಿಗೆ ಬರಿದು.

ಅವಳಿಗಿಂತ ಮುಂಚೆ ಈ ಕೆಲಸದಲ್ಲಿದ್ದವನು ಬರಿಗೈಯಲ್ಲೇ ಕಲೆಸುತ್ತಿದ್ದ. ಬೆಳ್ಳುಳ್ಳಿ ತಿನ್ನದಿದ್ದರೂ ಅವನ ಉಸಿರು ಬೆಳ್ಳುಳ್ಳಿ ನಾರುತ್ತಿತ್ತು. ಹೆಂಡತಿ ಮುಖ ತಿರುಗಿಸಿದಳೇ ಹೊರತು ಕಾರಣ ಯಾರಿಗೂ ಹೊಳೆಯಲಿಲ್ಲ. ಕೂದಲು ಉದುರಿ ಉಗುರು ಕಳಚಿ ಆಸ್ಪತ್ರೆ ಸೇರಿದಾಗಲೇ ಈ ಪುಡಿ ಮೈಗೇರಿದ್ದು ತಿಳಿದದ್ದು.

ಈ ಚಳಿಗಾಲದಲ್ಲಿ ಅಕ್ಕನ ತಲೆ ತಿಂದವನು ಪಕ್ಕದ ಮನೆಯ ಕುರಿಗಾರ. ಅವನ ಎಳೆ ಮರಿಗಳು ಕಾಲು ಸೆಟೆದು ಮಲಗಿದ್ದವು. ನಿಮ್ಮ ಹುಲ್ಲಿನಲ್ಲಿ ಸೆಲೆನಿಯಂ ಕಡಿಮೆ ಎಂದು ಯಾರೋ ಹೇಳಿದ್ದೇ ತಡ, ಓಡಿ ಬಂದು ಟವೆಲ್ಲು ಹಾಸಿ ಒಂದು ಹಿಡಿ ಕೇಳಿದ. "ಚಿಟಿಕೆಗೆ ಎದ್ದು ನಿಲ್ತವೆ ಅಂದ್ರೆ, ಹಿಡಿಗೆ ಓಡ್ಬೇಕಲ್ವಾ ಅಕ್ಕಾ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಉಗಿದು ಕಳಿಸುತ್ತಿದ್ದಳು. ಆದರೆ ಕಳೆದ ಮಳೆಗಾಲ ಹಳ್ಳ ಉಕ್ಕಿ ದಾರಿ ಕಟ್ಟಿದಾಗ, ಹೆರಿಗೆ ನೋವಿನ ಅವಳ ಮಗಳನ್ನು ತೋಳಲ್ಲೆತ್ತಿ ಎದೆಮಟ್ಟದ ನೀರು ದಾಟಿಸಿದವನು ಇವನೇ. ಈ ಋಣ ಹೇಗೆ ತೀರಿಸಲಿ ಎಂದು ಅಕ್ಕ ಆವತ್ತು ಕೈಮುಗಿದಿದ್ದಳು. ಅವನು ಕೇಳಿದ್ದು ಇದೊಂದೇ.

ಒಂದು ಹಿಡಿಗೆ ನಿನ್ನ ಇಡೀ ಹಿಂಡು ಮಲಗುತ್ತೆ ಮಾರಾಯ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಿನ್ನ ಮಗಳನ್ನ ಎತ್ಕೊಂಡಾಗ ನಾನು ತೂಕ ನೋಡಿದ್ನಾ?"

ಅಕ್ಕ ಡಬ್ಬಿಗೆ ಬೀಗ ಹಾಕಿದಳು. ಆ ದಿನದ ಕೆಲಸ ಮುಗಿಸಿದವಳೇ ಪಶುವೈದ್ಯರನ್ನು ಹಿಡಿದು ಕರೆತಂದಳು. ಅವರು ಮರಿಗಳಿಗೆ ತೂಕ ನೋಡಿ ಸೂಜಿ ಚುಚ್ಚಿದರು. ತಾಯಿ ಕುರಿಗಳಿಗೆಂದು ಅಕ್ಕ ಹದವಾಗಿ ಬೆರೆಸಿದ ಮೇವಿನ ಚೀಲವನ್ನೂ ಹೊತ್ತು ತಂದಿಟ್ಟಳು.

ವಾರದೊಳಗೆ ಮರಿಗಳು ಒಂದೊಂದಾಗಿ ಎದ್ದವು. ಹೆಸರು ಮಾತ್ರ ಡಾಕ್ಟರಿಗೆ. ಹಿಡಿ ಕೊಟ್ಟಿದ್ದರೆ ಮೊದಲ ದಿನವೇ ಏಳುತ್ತಿದ್ದವು ಎಂದು ಕುರಿಗಾರ ಇವತ್ತಿಗೂ ಸಾರಿಕೊಂಡು ತಿರುಗುತ್ತಾನೆ. ಅಕ್ಕ ಎದುರಾದರೆ ದಾರಿ ಬದಲಿಸುತ್ತಾನೆ.

ಅಕ್ಕ ಕೈಗವಸು ಕಳಚಿ, ಸೋಪು ಹಚ್ಚಿ ಮೊಣಕೈವರೆಗೂ ತೊಳೆಯುತ್ತಾಳೆ. ಹೊರಗೆ ಬೀದಿಯಲ್ಲಿ ಅವನ ಹಿಂಡು ಬ್ಯಾ ಎನ್ನುತ್ತಾ ಹಾದುಹೋಗುತ್ತಿದೆ. ಮರಿಗಳು ತಾಯಂದಿರನ್ನು ದಾಟಿ ಮುಂದೆ ಓಡುತ್ತಿವೆ.

"ಋಣ ಹಾಗೇ ಇರ್ಲಿ ಬಿಡು," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. "ನನ್ನ ಬೈಕೊಂಡು ಮೇಯಿಸೋಕೆ ಅವನಿಗೆ ಕುರಿ ಉಳಿದಿವೆಯಲ್ಲ."