ಹಿತ್ತಾಳೆ ಪಟ್ಟಿಯ ಕೆಳಗೆ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ, ಹೊನ್ನಾಳಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಸವಳಂಗದಿಂದ ಸ್ಕೂಟರಿನಲ್ಲಿ ಬಂದ ಶಬಾನಾ. ನನಗೆ ಬಡಗಿ ಕೆಲಸ ಕಲಿಸಿದ ಚನ್ನಗಿರಿಯ ರಹಮತ್ ಸಾಬರ ಮಗಳು ಆಕೆ. ಅಪ್ಪ ತೀರಿಕೊಂಡ ಮೇಲೆ ಅವರ ಉಪಕರಣಗಳಲ್ಲೇ ಕೆಲಸ ಮಾಡುತ್ತಾಳೆ.

ಚೀಲದಿಂದ ಅಪ್ಪನ ಗೇಜು ತೆಗೆದು ಮೇಜಿನ ಮೇಲಿಟ್ಟಳು. ಹಲಗೆಯ ಅಂಚಿಗೆ ಸರಿಯಾಗಿ ಗೆರೆ ಕೊರೆಯುವ ಸಾಧನ ಅದು. ತುದಿಯಲ್ಲಿ ಮೊಳೆಯಿರುವ ಒಂದು ಕಡ್ಡಿ, ಅದರ ಮೇಲೆ ಜಾರುವ ಮರದ ತುಂಡು. ಅಂಚಿಗೆ ಉಜ್ಜುವ ಆ ತುಂಡಿನ ಮುಖ ಸವೆಯದಿರಲೆಂದು ಎರಡು ಹಿತ್ತಾಳೆ ಪಟ್ಟಿ.

"ಗೆರೆ ಓರೆ ಬರ್ತೈತೆ ಮೇಷ್ಟ್ರೆ. ಎರಡು ಕಿಟಕಿ ಚೌಕಟ್ಟು ಕೆಟ್ವು. ಇನ್ನೊಂದು ಕೆಟ್ರೆ ಆ ಮನೆಯೋರು ದಾವಣಗೆರೆಯಿಂದ ರೆಡಿಮೇಡ್ ತಂದು ಕೂರಿಸ್ತಾರೆ. ಪಟ್ಟಿ ಹಾಕಿದೋರು ನೀವಂತೆ, ನೀವೇ ನೋಡ್ರಿ."

ಹಾಕಿದವನು ನಾನೇ. ಜಗಳೂರಿನಲ್ಲಿ ಕರಕುಶಲ ಶಿಕ್ಷಕನಾಗುವ ಮುಂಚೆ ಎರಡು ವರ್ಷ ಸಾಬರ ಅಂಗಡಿಯಲ್ಲಿದ್ದೆ. ಶಿಸ್ತಿನ ಕಾಯಿಲೆ ಆಗಲೇ ಇತ್ತು. ಅಂಗಡಿಯ ಗೋಡೆಗೆ ಟೈಮ್‌ಟೇಬಲ್ ಬರೆದು ಅಂಟಿಸಿದ್ದೆ. ಸಾಬರು ಪೂರ್ತಿ ಓದಿ, ಚಹಾ ಯಾವಾಗ ಎಂದು ಬರೆದಿಲ್ಲವಲ್ಲ ಎಂದಷ್ಟೇ ಕೇಳಿದ್ದರು.

ಅವರ ಗೇಜಿನ ಮುಖ ಒಂದು ಕಡೆ ಸವೆದು ಇಳಿಜಾರಾಗಿತ್ತು. ಅವರು ನಮಾಜಿಗೆ ಹೋಗಿದ್ದ ಒಂದು ಶುಕ್ರವಾರ, ಒಂದು ಮಾತೂ ಕೇಳದೆ, ಅದನ್ನು ಉಜ್ಜುಗೊರಡಿನಿಂದ ಸಮ ಮಾಡಿ, ತೋಡು ಕೊರೆದು, ಪಟ್ಟಿ ಕೂರಿಸಿ, ಸ್ಕ್ರೂ ಬಿಗಿದೆ. "ಚಲೋ ಆಗೈತೆ" ಎಂದರು. ಎರಡು ದಿನ ಅವರ ಗೆರೆ ವಾಲಿತು, ಮೂರನೆಯ ದಿನ ಸರಿಹೋಯಿತು. ಹಿತ್ತಾಳೆ ಒಗ್ಗಿತು ಎಂದುಕೊಂಡೆ. ಅದೇ ವಾರ ಟೈಮ್‌ಟೇಬಲಿನ ಒಂದು ಮೂಲೆ ಹರಿದಿತ್ತು. ಇಲಿ ಎಂದು ಬೋನು ಇಟ್ಟೆ, ಏನೂ ಬೀಳಲಿಲ್ಲ. ಮುಂದೆ ಸರ್ವಿಸ್ ಮುಗಿಯುವವರೆಗೂ, ಉಪಕರಣ ಹೇಗಿಟ್ಟುಕೊಳ್ಳಬೇಕೆಂದು ಮಕ್ಕಳಿಗೆ ಆ ಪಟ್ಟಿಗಳ ಕಥೆಯನ್ನೇ ಹೇಳಿದೆ. ನಿಮಗೂ ಹೇಳುವವನಿದ್ದೆ.

ಏಳೂವರೆಗೆ ಸ್ಕ್ರೂ ಬಿಚ್ಚಿದೆ. ಒಂದು ಪಟ್ಟಿಯ ಕೆಳಗೆ ಮಡಿಸಿದ ಕಾಗದ. ಬಿಡಿಸಿದರೆ ನನ್ನದೇ ಅಕ್ಷರ: "ಆರು ಗಂಟೆ: ಉಳಿ ಮಸೆಯುವುದು."

ಹಳೆಯ ಇಳಿಜಾರಿಗೆ ಒಗ್ಗಿದ್ದ ಕೈ ಸಾಬರದು. ನಾನು ಕಿತ್ತುಕೊಂಡ ಓರೆಯನ್ನು ಕಾಗದದಿಂದ ವಾಪಸ್ ತಂದುಕೊಂಡಿದ್ದರು. ನನಗೆ ಹೇಳಿರಲಿಲ್ಲ. ಬೋನಿಗೆ ನಾನು ದಿನಾ ಕೊಬ್ಬರಿ ಸಿಕ್ಕಿಸುವುದನ್ನು ಮಾತ್ರ ನೋಡುತ್ತಿದ್ದರು.

"ಅಂತೂ ನಿಮ್ಮ ಟೈಮ್‌ಟೇಬಲ್ ಒಬ್ಬರಿಗಾದ್ರೂ ಉಪಯೋಗಕ್ಕೆ ಬಂತು ಬಿಡ್ರಿ" ಎಂದು ನನ್ನ ಹೆಂಡತಿ ಒಳಗೆ ಹೋದಳು.

ಕಾಗದ ಎಸೆದು ಪಟ್ಟಿ ಸಮ ಮಾಡಲು ಕೈ ಹೊರಟಿತ್ತು. ತಡೆದೆ.

"ಇದು ನಿಮ್ಮಪ್ಪ ತನ್ನ ಕೈಗೆ ಅಂತ ಇಟ್ಟಿದ್ದು. ತೆಗೀಲೇನಮ್ಮ, ಬಿಡಲೇ?"

ಶಬಾನಾ ಕಾಗದದತ್ತ ಕೈ ಚಾಚಿದಳು. "ಅಬ್ಬಾನ ಕೈ ಅಬ್ಬಾಂದು, ನಂದು ನಂದು. ತೆಗೀರಿ. ಕಾಗ್ದ ನಂಗೆ ಕೊಡ್ರಿ."

ಕೊಟ್ಟೆ. ಎರಡೂ ಪಟ್ಟಿ ಸಮ ಕೂರಿಸಿ ಸ್ಕ್ರೂ ಬಿಗಿದೆ. ಅವಳು ಗೇಜನ್ನು ಹಲಗೆಯ ಅಂಚಿಗೆ ಒತ್ತಿ ಎಳೆದಳು. ಗೆರೆ ನೇರವಾಗಿ ಬಂತು.

ಆ ಶುಕ್ರವಾರ ಹಿಡಿದ ಕೆಲಸ ಈ ಮಂಗಳವಾರ ಎಂಟು ಹತ್ತಕ್ಕೆ ಮುಗಿಯಿತು.