ಹಳ್ಳಕ್ಕೆ ಸುರಿಯದ ಪಾದರಸ

ಅಕ್ಕಸಾಲಿಗರ ಅಂಗಡಿಯ ಕಸ ಗುಡಿಸಿ ತಂದು, ಆ ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯುವುದು ಮಸ್ಕಿಯ ಪೀರಮ್ಮ ಮತ್ತು ಅವಳ ಗಂಡ ಅಯ್ಯಪ್ಪನ ಕಸುಬು. ಪೀರಮ್ಮ ಮಣ್ಣಿಗೆ ಪಾದರಸ ಹಾಕಿ ತಿಕ್ಕಿದರೆ ಕಣ್ಣಿಗೆ ಕಾಣದ ಚಿನ್ನವೆಲ್ಲ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಅಯ್ಯಪ್ಪ ಅದನ್ನು ಕೆಂಡದ ಮೇಲಿಟ್ಟಾಗ ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ತೊಳೆದುಳಿದ, ಪಾದರಸ ಬೆರೆತ ರಾಡಿಯೆಲ್ಲ ಹಳ್ಳಕ್ಕೆ.

೧೯೮೬ರ ಸುಮಾರಿಗೆ ಅಯ್ಯಪ್ಪನ ಕೈ ನಡುಗತೊಡಗಿತು. ಚಹಾ ಬಾಯಿಗೆ ಮುಟ್ಟುವ ಮೊದಲೇ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಒಸಡು ಬಾತು ಹಲ್ಲು ಅಲುಗಾಡಿದವು. ಒಬ್ಬರಿಗೂ ಎದುರಾಡದಿದ್ದ ಮನುಷ್ಯ ಸುಮ್ಮಸುಮ್ಮನೆ ಸಿಟ್ಟಿಗೇಳುತ್ತಿದ್ದ. ತಾಯತ, ಹರಕೆ ಎಲ್ಲ ಮುಗಿದ ಮೇಲೆ ರಾಯಚೂರಿನ ಡಾಕ್ಟರು, "ಪಾದರಸದ ಹೊಗಿ ನರಕ್ಕ ಇಳದೈತಿ. ಆ ಕೆಲಸ ಬಿಡ್ರಿ. ರಾಡಿನೂ ನೀರಿಗೆ ಹಾಕಬ್ಯಾಡ್ರಿ" ಎಂದರು.

ಪೀರಮ್ಮ ಅಂದೇ ಬಿಟ್ಟಳು. ಕಸ ಕೊಡುತ್ತಿದ್ದ ಅಕ್ಕಸಾಲಿಗ ವೆಂಕೋಬ ಪತ್ತಾರ ನಕ್ಕ. "ನೀ ಬಿಟ್ರ ಇನ್ನೊಬ್ರು ಮಾಡ್ತಾರ. ನಮ್ಮಪ್ಪನ ಕಾಲದಿಂದ ನಡದೈತಿ."

"ನಡೀಲಿ. ಆದ್ರ ಹಳ್ಳಕ್ಕ ಸುರಿಯಾಕ ಬಂದ್ರ ನಾ ಅಡ್ಡ ನಿಂದರ್ತೀನ್ರಿ."

ನಿಂತಳು ಕೂಡ. ಈಗ ಕೂಲಿಗೆಂದು ಗೊರೇಬಾಳದ ಗದ್ದೆಗೆ ಕಳೆ ಕೀಳಲು ಹೋಗುವ ಮೊದಲು ಹಳ್ಳದ ದಂಡೆಗೆ ಹೋಗಿ, ರಾಡಿ ಬುಟ್ಟಿ ಹೊತ್ತು ಬಂದವರನ್ನು ತಿರುಗಿಸಿ ಕಳಿಸುತ್ತಿದ್ದಳು. ಬೈಗುಳಕ್ಕೆ ಬೈಗುಳ ಕೊಡುತ್ತಿದ್ದಳು.

ಆದರೆ ಅವಳ ಮನೆಯಲ್ಲೇ ಉಳಿದಿದ್ದ ಪಾದರಸ? ಅದನ್ನು ಉಪ್ಪಿನಕಾಯಿ ಭರಣಿಗೆ ಹಾಕಿ, ಮೇಲೆ ನೀರು ನಿಲ್ಲಿಸಿ, ಬಾಯಿ ಬಿಗಿದು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋದಳು. ತಾಲೂಕು ಕಚೇರಿಯಲ್ಲಿ ತಹಶೀಲ್ದಾರ ಸಾಹೇಬರ ಮೇಜಿನ ಮೇಲೆ ಇಟ್ಟಳು.

"ಇದು ಇಸ ಐತ್ರಿ. ಎಲ್ಲಿ ಹಾಕಬೇಕು ಹೇಳ್ರಿ."

"ಇಲ್ಲಿಗ್ಯಾಕ ತಂದಿಬೇ? ಹೊರಗ ಎಲ್ಲೆರ ಚೆಲ್ಲಿ ಹೋಗು."

"ನಿಮ್ಮ ಕ್ವಾರ್ಟರ್ಸಿನ ಬಾವ್ಯಾಗ ಚೆಲ್ಲಲೇನ್ರಿ?"

ಬರೆಯುತ್ತಿದ್ದ ಗುಮಾಸ್ತರ ಕೈಗಳು ನಿಂತವು. ಸಾಹೇಬರು ಕೆಂಪಗಾದರು, ಆಮೇಲೆ ಫೋನ್ ಎತ್ತಿದರು. ಅದನ್ನು ಎಲ್ಲಿ ಹಾಕಬೇಕೆಂದು ಆಸ್ಪತ್ರೆಯವರಿಗೆ ಗೊತ್ತಿರಲಿಲ್ಲ. ಜಿಲ್ಲೆಯವರಿಗೂ ಗೊತ್ತಿರಲಿಲ್ಲ.

"ಇದನ್ನ ಇಡಾಕ ಸರಕಾರದಾಗ ಜಾಗಾನ ಇಲ್ಲ" ಎಂದರು ಸಾಹೇಬರು, ಈ ಸಲ ಮೆತ್ತಗೆ.

"ಜಾಗಾ ಆಗೂತನಕ ಇಲ್ಲೇ ಇರ್ಲಿ." ಸೆರಗು ಬಿಗಿದು ನೆಲದ ಮೇಲೆ ಕೂತಳು.

ಸಂಜೆಗೆ ಮರಳು ತುಂಬಿದ ಪೆಟ್ಟಿಗೆಯಲ್ಲಿ ಭರಣಿ ಇಳಿಸಿ, ಹಿಂದಿನ ಕೋಣೆಗೆ ಬೀಗ ಹಾಕಿದರು. ಪೀರಮ್ಮ ಎದ್ದು, ಬೀಗ ಜಗ್ಗಿ ನೋಡಿಯೇ ಹೊರಟಳು.

ಮುಂದೆ ಕೆಲವು ಪತ್ತಾರರೂ ತಮ್ಮ ರಾಡಿಯನ್ನು ಅವಳ ಕೈಗೇ ಕೊಟ್ಟರು; ಅವಳು ಅದನ್ನೂ ಭರಣಿಗಳಿಗೆ ತುಂಬಿ ಅದೇ ಕೋಣೆಗೆ ಒಯ್ದಿಟ್ಟಳು. ವೆಂಕೋಬ ಮಾತ್ರ ಕೊಡಲಿಲ್ಲ. ಅಯ್ಯಪ್ಪ ನಡುಗುತ್ತಲೇ ತೀರಿಕೊಂಡ. ಒಬ್ಬರಾದ ಮೇಲೊಬ್ಬರು ಸಾಹೇಬರು ಬದಲಾದರು; ಪೀರಮ್ಮ ಬಂದಳೆಂದರೆ ಜವಾನನೇ ಕೋಣೆ ತೆರೆಯುತ್ತಿದ್ದ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಭರಣಿಗಳನ್ನು ಒಯ್ಯಲು ಲಾರಿ ಬಂತು. ಸುದ್ದಿ ತಿಳಿದು ಲಿಂಗಸುಗೂರಿಗೆ ಓಡಿಬಂದ ಪೀರಮ್ಮ ಲಾರಿಯ ಮುಂದೆ ನಿಂತಳು.

"ಎಲ್ಲಿಗೆ ಒಯ್ಯಾಕತ್ತೀರಿ?"

"ಶುದ್ಧ ಮಾಡೋ ಕಾರ್ಖಾನೆಗಮ್ಮ" ಎಂದ ಜೊತೆಗಿದ್ದ ಅಧಿಕಾರಿ.

"ಅಲ್ಲಿ ಹಳ್ಳ ಐತೇನ್ರಿ?"

ಅವನು ಕೆಳಗಿಳಿದು, ಸೋರದ ಡ್ರಮ್ಮು ತೋರಿಸಿ, ಅಲ್ಲಿ ಪಾದರಸ ಯಾವ ನೀರಿಗೂ ಸೇರದಂತೆ ಏನು ಮಾಡುತ್ತಾರೆಂದು ಬಿಡಿಸಿ ಹೇಳಿದ. ಪೂರಾ ಕೇಳಿಸಿಕೊಂಡ ಮೇಲೆಯೇ ಅವಳು ದಾರಿ ಬಿಟ್ಟಳು.